ಹಸಿರಾಗದ ಗುಳಿ

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಒಂದು ಪ್ಲೇಟು ಹಾಕುತ್ತೇವೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ, 96 ಪುಟ್ಟ ಗುಳಿಗಳಿರುವ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ ಅದು. ಅಳಗುಳಿಮಣೆ ಆಡಿ ಬೆಳೆದವರಿಗೆ ಅದರ ಮರಿಯಂತೆ ಕಂಡೀತು. ಎಡಗಡೆಯ ಮೊದಲ ಸಾಲುಗಳಲ್ಲಿ ಪ್ರಮಾಣ ಗೊತ್ತಿರುವ ದ್ರಾವಣಗಳು, ಉಳಿದವುಗಳಲ್ಲಿ ಮಕ್ಕಳ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ. ಪ್ರತಿ ಮಗುವಿಗೂ ಎರಡೆರಡು ಗುಳಿ, ಏಕೆಂದರೆ ಒಂದರಲ್ಲಿ ಕೈ ತಪ್ಪಿದರೆ ಇನ್ನೊಂದು ಹೇಳಬೇಕು. 37 ಡಿಗ್ರಿಯಲ್ಲಿ ಅದನ್ನು ಇಟ್ಟು, ಕೊನೆಯ ರಾಸಾಯನಿಕ ಸೇರಿಸಿ ಬಿಸಿ ಮುಟ್ಟಿಸಿದಾಗ, ಮಗುವಿನ ರಕ್ತದಲ್ಲಿ ಆಸ್ಪರಾಜಿನೇಸ್ ಎಂಬ ಔಷಧ ಇನ್ನೂ ಕೆಲಸ ಮಾಡುತ್ತಿದ್ದರೆ ಗುಳಿ ಹಸಿರಾಗುತ್ತದೆ, ಮಾಡದಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಅದರ ಮೂಲಕ 710 ನ್ಯಾನೋಮೀಟರಿನ ಬೆಳಕು ಹಾಯಿಸಿ ಯಂತ್ರ ಅಂಕಿ ಕೊಡುವ ಮೊದಲೇ, ತಟ್ಟೆಯನ್ನು ಬಿಳಿ ಕಾಗದದ ಮೇಲೆ ಇಟ್ಟ ಕೂಡಲೇ, ಬರಿಗಣ್ಣಿಗೆ ಅರ್ಧ ಉತ್ತರ ಸಿಕ್ಕಿರುತ್ತದೆ.

ಒಂದೂವರೆ ವರ್ಷದ ಹಿಂದಿನ ಒಂದು ಗುರುವಾರ ಐದನೆಯ ಸಾಲಿನ ಎರಡು ಗುಳಿಗಳು ಹಸಿರಾಗಲಿಲ್ಲ. ಸುತ್ತಲಿನವೆಲ್ಲ ಎಳೆಯ ಮಾವಿನೆಲೆಯಿಂದ ಹಿಡಿದು ಬಲಿತ ಎಲೆಯವರೆಗಿನ ಬಣ್ಣಗಳಲ್ಲಿದ್ದವು. ಇವೆರಡು ಮಾತ್ರ ಔಷಧವೇ ಇಲ್ಲದ ಸೊನ್ನೆಯ ಗುಳಿಯಂತೆ ಮಂಕು ಹಳದಿಯಾಗಿದ್ದವು. ಫಾರಂ ತೆಗೆದು ನೋಡಿದೆ. ಆರು ವರ್ಷದ ಹುಡುಗ, ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ಚಿಕಿತ್ಸೆಯ ಎರಡನೆಯ ತೀವ್ರ ಹಂತ. ಇಂಜೆಕ್ಷನ್ ಕೊಟ್ಟ ಸಮಯ ಎಂಬ ಜಾಗ ಎಂದಿನಂತೆ ಖಾಲಿ.

ಈ ಬರಹ ಆ ಎರಡು ಗುಳಿಗಳ ಬಗ್ಗೆ. ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳು ಯಾವ ಔಷಧ ಕೊಡುತ್ತಾರೆ, ಕೂದಲು ಯಾವಾಗ ಉದುರುತ್ತದೆ, ಏನು ತಿನ್ನಿಸಬೇಕು ಎನ್ನುವಲ್ಲಿಗೆ ಸಾಮಾನ್ಯವಾಗಿ ನಿಂತುಬಿಡುತ್ತವೆ. ಕೊಟ್ಟ ಔಷಧ ಒಳಗೆ ಹೋದ ಮೇಲೆ ಕೆಲಸ ಮಾಡುತ್ತಲೇ ಇದೆಯೇ ಎಂದು ಯಾರು, ಹೇಗೆ ನೋಡುತ್ತಾರೆ ಎಂಬುದನ್ನು ಬರೆದವರು ಕಡಿಮೆ. ಅದು ನನ್ನ ದಿನನಿತ್ಯದ ಕೆಲಸವಾದ್ದರಿಂದ ಬರೆಯುವ ಹೊಣೆಯೂ ನನ್ನದೇ ಎಂದುಕೊಂಡಿದ್ದೇನೆ. ನಾನು ವೈದ್ಯಳಲ್ಲ, ಜೀವರಸಾಯನ ಪ್ರಯೋಗಾಲಯದವಳು. ಯಾವ ಮಗುವಿಗೆ ಏನು ಕೊಡಬೇಕೆಂದು ಹೇಳುವ ಅಧಿಕಾರ ನನಗಿಲ್ಲ; ಟ್ಯೂಬಿನಲ್ಲಿ ಬಂದದ್ದರಲ್ಲಿ ಏನಿದೆ ಎಂದು ಹೇಳಬಲ್ಲೆ, ಅಷ್ಟೆ.

ಆಸ್ಪರಾಜಿನೇಸ್ ಉಳಿದ ಕಿಮೋ ಔಷಧಗಳ ಜಾತಿಗೆ ಸೇರಿದ್ದಲ್ಲ. ಅದು ಒಂದು ಕಿಣ್ವ, ಅಂದರೆ ಪ್ರೋಟೀನು. ನಮ್ಮ ದೇಹದ ಬಹುತೇಕ ಜೀವಕೋಶಗಳು ತಮಗೆ ಬೇಕಾದ ಆಸ್ಪರಾಜೀನ್ ಎಂಬ ಅಮೈನೋ ಆಮ್ಲವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಲ್ಯುಕೇಮಿಯಾದ ಎಳೆಯ ಬಿಳಿಕಣಗಳಿಗೆ ಆ ಕಸುಬು ಸರಿಯಾಗಿ ಬಾರದು. ಅವು ರಕ್ತದಲ್ಲಿ ತೇಲಿಬರುವುದನ್ನು ನಂಬಿ ಬದುಕುತ್ತವೆ. ಆಸ್ಪರಾಜಿನೇಸ್ ರಕ್ತದಲ್ಲಿರುವ ಆಸ್ಪರಾಜೀನನ್ನು ಒಡೆದು ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಮಾಡುತ್ತದೆ. ಸ್ವಂತ ಅಡುಗೆಮನೆಯಿಲ್ಲದವರ ಊರಿನಲ್ಲಿ ಖಾನಾವಳಿಯನ್ನೇ ಮುಚ್ಚಿದಂತೆ ಆಗುತ್ತದೆ.

ಇದು ಸಿಕ್ಕ ಬಗೆಯೂ ಸ್ವಾರಸ್ಯಕರ. 1953ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಜಾನ್ ಕಿಡ್ ಅವರು, ಲಿಂಫೋಮಾ ಗಡ್ಡೆಗಳಿದ್ದ ಇಲಿಗಳಿಗೆ ಗಿನಿಪಿಗ್‌ನ ಸೀರಂ ಕೊಟ್ಟಾಗ ಗಡ್ಡೆಗಳು ಕರಗುವುದನ್ನು ಕಂಡರು. ಬೇರೆ ಪ್ರಾಣಿಗಳ ಸೀರಂಗೆ ಆ ಗುಣವಿರಲಿಲ್ಲ. ಕಾರಣವೇನೆಂದು ಎಂಟು ವರ್ಷ ತಿಳಿಯಲಿಲ್ಲ. ಗಿನಿಪಿಗ್‌ನ ರಕ್ತದಲ್ಲಿ ಆಸ್ಪರಾಜಿನೇಸ್ ಯಥೇಚ್ಛವಾಗಿದೆ ಎಂದು 1922ರಷ್ಟು ಹಿಂದೆಯೇ ಪ್ರಕಟವಾಗಿದ್ದ ಸಂಗತಿಯನ್ನು ಜಾನ್ ಬ್ರೂಮ್ 1961ರಲ್ಲಿ ಇದಕ್ಕೆ ಜೋಡಿಸಿದರು. ಆದರೆ ಮಕ್ಕಳಿಗೆ ಸಾಕಾಗುವಷ್ಟು ಗಿನಿಪಿಗ್ ರಕ್ತವನ್ನು ಎಲ್ಲಿಂದ ತರುವುದು? ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಆಸ್ಪರಾಜಿನೇಸ್ ಕೂಡ ಅದೇ ಕೆಲಸ ಮಾಡುತ್ತದೆ ಎಂದು 1964ರಲ್ಲಿ ತಿಳಿದ ಮೇಲೆ ದಾರಿ ತೆರೆಯಿತು, ಬ್ಯಾಕ್ಟೀರಿಯಾವನ್ನು ಎಷ್ಟು ಬೇಕಾದರೂ ಬೆಳೆಸಬಹುದಲ್ಲ.

ತೊಡಕು ಇರುವುದೂ ಅಲ್ಲಿಯೇ. ಬ್ಯಾಕ್ಟೀರಿಯಾದ ಪ್ರೋಟೀನು ಮಗುವಿನ ದೇಹಕ್ಕೆ ಪರಕೀಯ. ಮೊದಲ ಸಲ ರಕ್ಷಣಾ ವ್ಯವಸ್ಥೆ ಅದನ್ನು ಕಣ್ಣಿಟ್ಟು ನೋಡಿಕೊಳ್ಳುತ್ತದೆ. ಕೆಲವು ವಾರ ಅಥವಾ ತಿಂಗಳುಗಳ ಬಿಡುವಿನ ನಂತರ ಎರಡನೆಯ ಹಂತದಲ್ಲಿ ಅದು ಮತ್ತೆ ಬಂದಾಗ ಪ್ರತಿಕಾಯಗಳು ಸಿದ್ಧವಾಗಿರುತ್ತವೆ. ಕೆಲವು ಮಕ್ಕಳಲ್ಲಿ ಇದು ಮೈಮೇಲೆ ಕಾಣಿಸುತ್ತದೆ: ಮೈಯೆಲ್ಲ ದದ್ದು, ಮುಖ ಊದುವುದು, ಉಸಿರುಗಟ್ಟುವುದು. ಅಂಥ ಕಡೆ ಸಿಸ್ಟರ್ ಓಡಿ ಬರುತ್ತಾರೆ, ಡ್ರಿಪ್ ನಿಲ್ಲುತ್ತದೆ, ಔಷಧ ಬದಲಾಗುತ್ತದೆ. ಇನ್ನು ಕೆಲವು ಮಕ್ಕಳಲ್ಲಿ ಪ್ರತಿಕಾಯಗಳು ಔಷಧವನ್ನು ಹಿಡಿದು ರಕ್ತದಿಂದ ಹೊರಹಾಕುತ್ತವೆ, ಆದರೆ ಒಂದು ದದ್ದೂ ಏಳುವುದಿಲ್ಲ. ಮಗು ಆಟವಾಡಿಕೊಂಡಿರುತ್ತದೆ, ವಾರ್ಡಿನ ಹಾಳೆಯಲ್ಲಿ 'ಇಂಜೆಕ್ಷನ್ ಕೊಡಲಾಗಿದೆ, ತೊಂದರೆಯಿಲ್ಲ' ಎಂದು ದಾಖಲಾಗುತ್ತದೆ, ಔಷಧ ಮಾತ್ರ ಇರುವುದಿಲ್ಲ. ವೈದ್ಯಕೀಯದಲ್ಲಿ ಇದನ್ನು ಸದ್ದಿಲ್ಲದ ನಿಷ್ಕ್ರಿಯತೆ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ.

ಆ ಹುಡುಗನ ತಾಯಿ ಕೊಪ್ಪಳದ ಕಡೆಯವರು. ಮರು ಪರೀಕ್ಷೆಗೆ ಟ್ಯೂಬು ಕೊಡಲು ತಾವೇ ಪ್ರಯೋಗಾಲಯದ ಕಿಟಕಿಗೆ ಬಂದಿದ್ದರು. "ಹೋದ ಸಲದಂಗ ಈ ಸಲಾನೂ ಏನೂ ಆಗಿಲ್ರೀ ಮೇಡಂ. ಬಾಜೂ ಬೆಡ್ಡಿನ ಹುಡುಗಿಗೆ ಮೈಯೆಲ್ಲಾ ಗಂಧಿ ಎದ್ದಿದ್ವು. ನಮ್ಮ ಹುಡುಗಗ ಔಷಧ ಮೈಗೆ ಒಗ್ಗೇತಿ" ಎಂದರು. ನನ್ನ ಬಾಯಿಗೆ ಮಾತು ಬರಲಿಲ್ಲ. ಒಗ್ಗುವುದು ಎನ್ನುವ ಮಾತನ್ನು ನಾವು ಊಟಕ್ಕೆ, ನೀರಿಗೆ, ಊರಿಗೆ, ಔಷಧಕ್ಕೆ ಒಂದೇ ಅರ್ಥದಲ್ಲಿ ಬಳಸುತ್ತೇವೆ: ತಕರಾರು ಮಾಡದಿದ್ದರೆ ಒಗ್ಗಿದಂತೆ. ಈ ಒಂದು ಔಷಧದ ವಿಷಯದಲ್ಲಿ ಆ ಲೆಕ್ಕ ಸುಳ್ಳಾಗಬಹುದು ಎಂಬುದನ್ನು ಕಿಟಕಿಯ ಆಚೆ ನಿಂತ ಒಬ್ಬ ತಾಯಿಗೆ ಹೇಗೆ ಹೇಳುವುದು, ಅದೂ ಫಲಿತಾಂಶ ಖಚಿತವಾಗುವ ಮೊದಲು?

ಖಚಿತಪಡಿಸಿಕೊಳ್ಳುವುದಕ್ಕೆ ಸಾಕಷ್ಟು ಕೆಲಸವಿತ್ತು. ಮೊದಲಿಗೆ, ರಕ್ತ ಯಾವಾಗ ತೆಗೆದದ್ದು? ಇ. ಕೋಲಿಯ ಸಾದಾ ಆಸ್ಪರಾಜಿನೇಸ್ ರಕ್ತದಲ್ಲಿ ಸರಿಸುಮಾರು ಒಂದೂಕಾಲು ದಿನಕ್ಕೆ ಅರ್ಧವಾಗುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್‌ನ ಹೊದಿಕೆ ಹಾಕಿದ ಪೆಗ್ ರೂಪವಾದರೆ ಐದು ದಿನಕ್ಕೂ ಮೇಲೆ. ಎರ್ವೀನಿಯಾ ಎಂಬ ಬೇರೆ ಬ್ಯಾಕ್ಟೀರಿಯಾದಿಂದ ಬಂದದ್ದು ಒಂದು ದಿನವೂ ಬೇಡ. ಆದ್ದರಿಂದ ಯಾವ ರೂಪ ಎಂಬುದೂ, ಕೊಟ್ಟು ಎಷ್ಟು ಗಂಟೆಯಾಯಿತು ಎಂಬುದೂ ತಿಳಿಯದೆ ಅಂಕಿಗೆ ಅರ್ಥವೇ ಇಲ್ಲ. ವಾರ್ಡಿಗೆ ಫೋನು ಮಾಡಿದೆ. ಸಿಸ್ಟರ್ ರಿಜಿಸ್ಟರ್ ನೋಡಿ ಹೇಳಿದರು: ಸಾದಾ ಇ. ಕೋಲಿ, ಸೋಮವಾರ ಬೆಳಗ್ಗೆ 11 ಗಂಟೆ. ರಕ್ತ ತೆಗೆದದ್ದು ಬುಧವಾರ ಹತ್ತೂವರೆಗೆ, ಮುಂದಿನ ಡೋಸಿಗೆ ಮೊದಲು. ಅಂದರೆ ಸಮಯ ಸರಿಯಾಗಿಯೇ ಇತ್ತು. ಮುಂದಿನ ಡೋಸಿಗೆ ತುಸು ಮೊದಲಿನ ಈ ಕನಿಷ್ಠ ಮಟ್ಟವೇ ನಮಗೆ ಬೇಕಾದದ್ದು. ಅದು ಲೀಟರಿಗೆ 100 ಯೂನಿಟ್ಟಿಗಿಂತ ಮೇಲಿದ್ದರೆ ಆಸ್ಪರಾಜೀನ್ ಪೂರ್ತಿ ಬರಿದಾಗಿದೆ ಎಂದು ಭಾವಿಸಲು ಅಡ್ಡಿಯಿಲ್ಲ ಎಂಬುದು ಜಗತ್ತಿನ ಬಹುತೇಕ ಕೇಂದ್ರಗಳು ಒಪ್ಪಿಕೊಂಡ ಗೆರೆ. ಈ ಹುಡುಗನದು ನಮ್ಮ ಯಂತ್ರ ಅಳೆಯಬಲ್ಲ ಕನಿಷ್ಠಕ್ಕಿಂತಲೂ ಕೆಳಗಿತ್ತು. ನಾಲ್ಕು ತಿಂಗಳ ಹಿಂದೆ, ಮೊದಲ ಹಂತದಲ್ಲಿ, ಇದೇ ಮಗುವಿನ ಮಟ್ಟ 180 ಎಂದು ನನ್ನ ಕೈಬರಹದಲ್ಲೇ ರಿಜಿಸ್ಟರಿನಲ್ಲಿತ್ತು.

ಆಸ್ಪರಾಜೀನ್ ಖಾಲಿಯಾಗಬೇಕು ಎನ್ನುವುದಾದರೆ ಆಸ್ಪರಾಜೀನನ್ನೇ ನೇರವಾಗಿ ಅಳೆಯಬಾರದೇ ಎಂದು ಹೊಸದಾಗಿ ಸೇರಿದ ಹುಡುಗರು ಪ್ರತಿ ವರ್ಷ ಕೇಳುತ್ತಾರೆ. ಅಳೆಯಬಹುದು, ಆದರೆ ಟ್ಯೂಬಿನೊಳಗೂ ಔಷಧ ಸುಮ್ಮನಿರುವುದಿಲ್ಲ. ರಕ್ತ ತೆಗೆದ ಕ್ಷಣದಿಂದ ಪ್ರಯೋಗಾಲಯ ತಲುಪುವವರೆಗೂ ಅದು ಅಲ್ಲಿದ್ದ ಆಸ್ಪರಾಜೀನನ್ನು ಒಡೆಯುತ್ತಲೇ ಇರುತ್ತದೆ. ಮಂಜುಗಡ್ಡೆಯಲ್ಲಿಟ್ಟು ಓಡಿ ತಂದು ಕೂಡಲೇ ಸಂಸ್ಕರಿಸದಿದ್ದರೆ ಮಗುವಿನ ದೇಹದಲ್ಲಿ ಇರದಿದ್ದ ಸೊನ್ನೆ ಟ್ಯೂಬಿನಲ್ಲಿ ಕಾಣುತ್ತದೆ. ಔಷಧದ ಚಟುವಟಿಕೆಯನ್ನು ಅಳೆಯುವುದು ಅದಕ್ಕಿಂತ ಸಲೀಸು, ಏಕೆಂದರೆ ಸೀರಂನಲ್ಲಿ ಕಿಣ್ವ ಗಟ್ಟಿಯಾಗಿ ಉಳಿಯುತ್ತದೆ. ಜರ್ಮನಿಯ ಮ್ಯೂನ್‌ಸ್ಟರಿನ ಸಂಶೋಧಕರು 2002ರಲ್ಲಿ ವಿವರಿಸಿದ, ಹಸಿರು ಬಣ್ಣ ಬರುವ ಈ ವಿಧಾನಕ್ಕೆ ದುಬಾರಿ ಯಂತ್ರವೂ ಬೇಡ, ಯಾವ ಮಧ್ಯಮ ಗಾತ್ರದ ಪ್ರಯೋಗಾಲಯದಲ್ಲೂ ಇರುವ ಪ್ಲೇಟ್ ರೀಡರ್ ಸಾಕು. ಇಷ್ಟು ಸುಲಭದ ಪರೀಕ್ಷೆ ನಮ್ಮ ದೇಶದ ಎಷ್ಟೋ ಕಡೆ ಇನ್ನೂ ವಾಡಿಕೆಗೆ ಬಂದಿಲ್ಲ ಎನ್ನುವುದು ನನಗೆ ಅರ್ಥವಾಗದ ಸಂಗತಿ.

ಎರಡನೆಯದಾಗಿ ಬಾಟಲಿಯ ಮೇಲೆ ಅನುಮಾನ. ದೋಷ ಮಗುವಿನ ಪ್ರತಿಕಾಯಗಳದ್ದೋ, ಔಷಧದ್ದೋ? ಅದೇ ಬ್ಯಾಚಿನ ಇಂಜೆಕ್ಷನ್ ತೆಗೆದುಕೊಂಡಿದ್ದ ಇನ್ನೂ ಮೂವರು ಮಕ್ಕಳ ಸೀರಂ ಅದೇ ಪ್ಲೇಟಿನಲ್ಲಿತ್ತು, ಮೂವರದೂ ಹಸಿರಾಗಿತ್ತು. ಹೀಗಾಗಿ ಬಾಟಲಿ ಆ ದಿನ ಅಪವಾದದಿಂದ ಪಾರಾಯಿತು. ಆದರೆ ಈ ಅನುಮಾನ ಹುಚ್ಚುತನದ್ದಲ್ಲ. ಮೂಲ ತಯಾರಕರ ಔಷಧ ಎಲ್ಲರ ಕೈಗೆಟುಕದ ದೇಶಗಳಲ್ಲಿ ಬೇರೆ ಬೇರೆ ಕಂಪನಿಗಳು ಮಾಡುವ ಅಗ್ಗದ ಆಸ್ಪರಾಜಿನೇಸ್ ಬಳಕೆಯಲ್ಲಿದೆ. ಸಾಮಾನ್ಯ ಮಾತ್ರೆಯ ಜೆನೆರಿಕ್ ಮಾಡುವುದು ಒಂದು ಬಗೆ. ಬ್ಯಾಕ್ಟೀರಿಯಾದಿಂದ ಪ್ರೋಟೀನು ತೆಗೆದು, ಅದರ ಜೊತೆ ಬರುವ ಇತರ ಪ್ರೋಟೀನುಗಳನ್ನೆಲ್ಲ ಸೋಸಿ ಕೊಡುವುದು ಬೇರೆಯೇ ಬಗೆ. ಭಾರತದಲ್ಲಿ ಮಾರಾಟವಾಗುವ ಇಂಥ ಇ. ಕೋಲಿ ಆಸ್ಪರಾಜಿನೇಸ್‌ಗಳನ್ನು ಕೊಲ್ಕತ್ತಾದ ಟಾಟಾ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಪರಿಶೀಲಿಸಿ, ಅವುಗಳ ಗುಣಮಟ್ಟ ತೃಪ್ತಿಕರವಾಗಿಲ್ಲವೆಂದು 2021ರಲ್ಲಿ ಪ್ರಕಟಿಸಿದರು. ಬ್ರೆಜಿಲ್‌ನಲ್ಲಿ 2017ರಲ್ಲಿ ಸರ್ಕಾರವೇ ಆಮದು ಮಾಡಿಕೊಂಡ ಒಂದು ಆಸ್ಪರಾಜಿನೇಸ್‌ನಲ್ಲಿ ಕಲ್ಮಶವಿದೆಯೆಂದು ಕಂಪಿನಾಸ್ ನಗರದ ಬೋಲ್ಡ್ರಿನಿ ಮಕ್ಕಳ ಆಸ್ಪತ್ರೆ ತಕರಾರೆತ್ತಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಒಂದು ಮಗುವಿನ ಗುಳಿ ಮಾತ್ರ ಹಳದಿಯಾಗಿದ್ದರೆ ಮಗುವಿನ ಕಡೆ ನೋಡಬೇಕು, ಒಂದು ಬ್ಯಾಚಿನ ಮಕ್ಕಳೆಲ್ಲರ ಗುಳಿಗಳೂ ಮಂಕಾಗಿದ್ದರೆ ಬಾಟಲಿಯ ಕಡೆ ನೋಡಬೇಕು. ಪ್ಲೇಟು ಹಾಕದವರಿಗೆ ಎರಡೂ ಕಾಣುವುದಿಲ್ಲ.

ಮೂರನೆಯದು, ನನ್ನನ್ನು ಹೆಚ್ಚು ಕಾಡಿದ್ದು. ಆ ಹಂತದಲ್ಲಿ ಇಂಜೆಕ್ಷನ್‌ಗೆ ಮೊದಲು ಎಲ್ಲ ಮಕ್ಕಳಿಗೂ ಹೈಡ್ರೋಕಾರ್ಟಿಸೋನ್ ಮತ್ತು ಅಲರ್ಜಿ ತಡೆಯುವ ಇನ್ನೊಂದು ಔಷಧ ಕೊಡುವ ಪದ್ಧತಿ ಆ ವಾರ್ಡಿನಲ್ಲಿತ್ತು. ಉದ್ದೇಶ ಒಳ್ಳೆಯದೇ, ಮಗು ದದ್ದು ಎದ್ದು ನರಳಬಾರದು. ಆದರೆ ದದ್ದು ಏಳದಂತೆ ಮಾಡುವ ಔಷಧ ಪ್ರತಿಕಾಯಗಳನ್ನು ತಡೆಯುವುದಿಲ್ಲ. ಗಂಟೆ ಬಾರಿಸುವವನ ಕೈ ಕಟ್ಟಿದ ಮಾತ್ರಕ್ಕೆ ಕಳ್ಳ ಬರುವುದು ನಿಲ್ಲುತ್ತದೆಯೇ? ಹೀಗೆ ಮುಂಚಿತವಾಗಿ ಅಲರ್ಜಿ ಔಷಧ ಕೊಡುವ ಕಡೆ ರಕ್ತದ ಮಟ್ಟವನ್ನು ತಪ್ಪದೇ ನೋಡಬೇಕೆಂದು ಈ ವಿಷಯದ ತಜ್ಞರ ಗುಂಪುಗಳು ಹೇಳುತ್ತಲೇ ಬಂದಿವೆ. ನಮ್ಮಲ್ಲಿ ಮಟ್ಟ ನೋಡುವ ವ್ಯವಸ್ಥೆ ಇತ್ತು ಎಂಬುದೊಂದೇ ಸಮಾಧಾನ.

ಇದರ ಮಗ್ಗುಲಲ್ಲೇ ಇನ್ನೊಂದು ತಿರುವು ಇದೆ. ಆಸ್ಪರಾಜೀನ್ ಒಡೆದಾಗ ಅಮೋನಿಯಾ ಬರುತ್ತದೆಂದು ಹೇಳಿದೆನಲ್ಲ, ಅದು ರಕ್ತದಲ್ಲಿ ಬೇಗ ಏರಿದಾಗ ಕೆಲವು ಮಕ್ಕಳಿಗೆ ವಾಂತಿ, ತಲೆನೋವು, ಮುಖ ಕೆಂಪಾಗುವುದು ಉಂಟು. ನೋಡಿದವರು ಅಲರ್ಜಿಯೆಂದೇ ಬಗೆದು ಔಷಧ ನಿಲ್ಲಿಸಿಬಿಡಬಹುದು. ಅಂಥ ಮಗುವಿನ ಗುಳಿ ಕಡು ಹಸಿರಾಗಿದ್ದರೆ ಅದು ಅಲರ್ಜಿಯಲ್ಲ, ಔಷಧ ಜೋರಾಗಿ ಕೆಲಸ ಮಾಡುತ್ತಿರುವುದರ ಪರಿಣಾಮ ಎಂದು ಗೊತ್ತಾಗುತ್ತದೆ. ಸುಮ್ಮನಿದ್ದ ಮಗುವಿನಲ್ಲಿ ಔಷಧವಿಲ್ಲ, ವಾಂತಿ ಮಾಡಿದ ಮಗುವಿನಲ್ಲಿ ಔಷಧವಿದೆ: ಹೊರಗಿನಿಂದ ನೋಡಿದರೆ ಎರಡೂ ತಲೆಕೆಳಗು.

ಇಷ್ಟೆಲ್ಲ ಮಾಡುವುದರಿಂದ ಮಕ್ಕಳಿಗೆ ನಿಜವಾಗಿ ಒಳ್ಳೆಯದಾಗುತ್ತದೆಯೇ ಎಂದು ಕೇಳುವುದು ನ್ಯಾಯ. ಬಾಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಯ ನೇತೃತ್ವದ ಆಸ್ಪತ್ರೆಗಳ ಗುಂಪು ಇದನ್ನು ಎರಡು ಸಲ ತೋರಿಸಿತು. ಅವರ 91-01 ಎಂಬ ಹಿಂದಿನ ಅಧ್ಯಯನದಲ್ಲಿ, ಆಸ್ಪರಾಜಿನೇಸನ್ನು 26 ವಾರ ಅಥವಾ ಹೆಚ್ಚು ಪಡೆದ ಮಕ್ಕಳಲ್ಲಿ ಐದು ವರ್ಷಗಳ ಕಾಲ ಕಾಯಿಲೆ ಮರುಕಳಿಸುವಂಥ ಅವಘಡವಿಲ್ಲದೆ ಉಳಿದವರು ಶೇ. 90ರಷ್ಟಿದ್ದರೆ, ಅಷ್ಟು ತೆಗೆದುಕೊಳ್ಳಲಾಗದೆ ನಿಂತವರಲ್ಲಿ ಶೇ. 73ರಷ್ಟಿದ್ದರು. ಅದಾದ ಮೇಲೆ 00-01 ಎಂಬ ಅಧ್ಯಯನದಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಗದಿತ ಡೋಸ್, ಇನ್ನೊಂದಕ್ಕೆ ರಕ್ತದ ಕನಿಷ್ಠ ಮಟ್ಟವನ್ನು ಅಳೆದು ಅದಕ್ಕೆ ತಕ್ಕ ಡೋಸ್ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅಳೆದು ಕೊಟ್ಟ ಗುಂಪಿನಲ್ಲಿ ಅದೇ ಐದು ವರ್ಷದ ಲೆಕ್ಕ ಶೇ. 90, ನಿಗದಿತ ಡೋಸಿನ ಗುಂಪಿನಲ್ಲಿ ಶೇ. 82. ಹೊಸ ಔಷಧವೊಂದು ಎಂಟು ಅಂಶ ಹೆಚ್ಚು ತಂದುಕೊಟ್ಟರೆ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಹಳೆಯ ಔಷಧವನ್ನೇ ಅಳೆದು ಕೊಟ್ಟು ಬಂದ ಎಂಟು ಅಂಶ ಯಾರ ಬಾಯಲ್ಲೂ ಇಲ್ಲ.

ಹುಡುಗನ ಮರು ಪರೀಕ್ಷೆಯೂ ಹಳದಿಯೇ ಆಯಿತು. ಎರಡು ಬೇರೆ ಬೇರೆ ದಿನದ ರಕ್ತದಲ್ಲಿ ಔಷಧ ಕಾಣದಿದ್ದ ಮೇಲೆ ಅನುಮಾನಕ್ಕೆ ಜಾಗವಿರಲಿಲ್ಲ. ಡೋಸ್ ಹೆಚ್ಚಿಸಿ ಪ್ರಯೋಜನವಿಲ್ಲ. ಪೆಗ್ ರೂಪಕ್ಕೆ ಹೋದರೂ ಒಳಗಿರುವುದು ಇ. ಕೋಲಿಯ ಪ್ರೋಟೀನೇ ಆದ್ದರಿಂದ ಅದೇ ಪ್ರತಿಕಾಯಗಳು ಅದನ್ನೂ ಹಿಡಿಯಬಹುದು. ಉಳಿದದ್ದು ಎರ್ವೀನಿಯಾ, ಪ್ರತಿಕಾಯಗಳಿಗೆ ಅದರ ಮುಖಪರಿಚಯವಿಲ್ಲ. ಆದರೆ ಅದು ವಾರಕ್ಕೆ ಮೂರು ಸಲ ಕೊಡಬೇಕಾದ, ಬಹಳ ದುಬಾರಿಯಾದ, ನಮ್ಮಲ್ಲಿ ಸುಲಭವಾಗಿ ಸಿಗದ ಔಷಧ. ವೈದ್ಯರು, ಸಮಾಜ ಕಾರ್ಯಕರ್ತೆ, ದಾನಿಗಳು ಎಲ್ಲರೂ ಸೇರಿ ಅದನ್ನು ತರಿಸುವಷ್ಟರಲ್ಲಿ 11 ದಿನ ಕಳೆದವು. ಆ ದಿನಗಳಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಹೀಗಾಗಿ ಫಾರಂನಲ್ಲಿ ಇಂಜೆಕ್ಷನ್ ಸಮಯದ ಜಾಗವನ್ನು ಮೇಲಕ್ಕೆ ತಂದು, ದಪ್ಪ ಅಕ್ಷರ ಮಾಡಿ, ಅದನ್ನು ತುಂಬದ ಟ್ಯೂಬುಗಳನ್ನು ವಾಪಸು ಕಳಿಸಲು ಅನುಮತಿ ಪಡೆದೆ. ಸಿಸ್ಟರುಗಳು ಒಂದು ತಿಂಗಳು ನನ್ನ ಮೇಲೆ ಸಿಟ್ಟಾಗಿದ್ದರು.

ಔಷಧದ ಮಟ್ಟ ನೋಡುವ ಪದ್ಧತಿ ಆಸ್ಪರಾಜಿನೇಸ್‌ಗೆ ಮಾತ್ರ ಸೀಮಿತವಲ್ಲ, ಆದರೆ ಪ್ರತಿ ಔಷಧದಲ್ಲೂ ಕೇಳುವ ಪ್ರಶ್ನೆ ಬೇರೆ. ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಕಿಮೋ ಔಷಧವನ್ನು ಹೆಚ್ಚಿನ ಡೋಸಿನಲ್ಲಿ ಕೊಟ್ಟಾಗ 24, 48 ಗಂಟೆಗಳಲ್ಲಿ ರಕ್ತ ನೋಡುವುದು ಮುಖ್ಯವಾಗಿ ಅದು ಹೊರಗೆ ಹೋಯಿತೇ ಎಂದು ತಿಳಿಯಲು, ಏಕೆಂದರೆ ಉಳಿದುಕೊಂಡರೆ ಮೂತ್ರಪಿಂಡ, ಬಾಯಿ, ಕರುಳು ಎಲ್ಲಕ್ಕೂ ಕಷ್ಟ. ಈ ಜಾತಿಯ ಮೊದಲ ಔಷಧವಾದ ಅಮಿನಾಪ್ಟೆರಿನ್ ತಯಾರಾದದ್ದು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುನ್ನಡೆಸುತ್ತಿದ್ದ ಅಮೆರಿಕದ ಪ್ರಯೋಗಾಲಯದಲ್ಲಿ. ಅದನ್ನು ಬಳಸಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಂದಿ ಸುಧಾರಿಸಿದ್ದರು, ಆದರೆ ಸುಧಾರಣೆ ತಾತ್ಕಾಲಿಕವಾಗಿತ್ತು. ಒಮ್ಮೆ ಫಲಿಸಿದ ಔಷಧ ಫಲಿಸುತ್ತಲೇ ಇರಬೇಕು ಎಂಬ ತಲೆನೋವು ಈ ಚಿಕಿತ್ಸೆಯ ಹುಟ್ಟಿನಿಂದಲೇ ಜೊತೆಗಿದೆ.

ಮೇಂಟೆನೆನ್ಸ್ ಎಂದು ಕರೆಯುವ ಕೊನೆಯ ದೀರ್ಘ ಹಂತದಲ್ಲಿ ಆ ತಲೆನೋವು ಮನೆಯೊಳಗೇ ಬಂದು ಕೂರುತ್ತದೆ. ಆಗ ಮಗು ಪ್ರತಿ ರಾತ್ರಿ 6-ಮರ್ಕ್ಯಾಪ್ಟೋಪ್ಯೂರಿನ್ ಮಾತ್ರೆ ನುಂಗಬೇಕು, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಇಲ್ಲಿಯೂ ಒಗ್ಗುವಿಕೆಯ ಲೆಕ್ಕ ತಿರುಗುಮುರುಗು. ಪೋಷಕರಿಗೆ ಕೌಂಟ್, ಅಂದರೆ ರಕ್ತಕಣಗಳ ಎಣಿಕೆ, ಇಳಿಯುವುದೆಂದರೆ ಭಯ, ಏರಿದರೆ ಹಬ್ಬ. ಆದರೆ ಈ ಹಂತದಲ್ಲಿ ಬಿಳಿಕಣಗಳು ಒಂದು ಮಿತಿಯಲ್ಲಿ ತಗ್ಗಿರಬೇಕೆಂದೇ ಡೋಸ್ ಹೊಂದಿಸುತ್ತಾರೆ. ತಿಂಗಳುಗಟ್ಟಲೆ ಕೌಂಟ್ ಆರೋಗ್ಯವಂತ ಮಗುವಿನಷ್ಟೇ ಚೆನ್ನಾಗಿದ್ದರೆ ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ. ಕಾರಣ ಮೂರಿರಬಹುದು: ಡೋಸ್ ಸಾಲದು, ಮಾತ್ರೆ ತಪ್ಪುತ್ತಿದೆ, ಅಥವಾ ದೇಹ ಔಷಧವನ್ನು ಬೇರೆ ದಾರಿಗೆ ತಿರುಗಿಸುತ್ತಿದೆ. ಕೆಂಪು ರಕ್ತಕಣಗಳಲ್ಲಿ ಈ ಔಷಧದಿಂದ ಹುಟ್ಟುವ ಎರಡು ಬಗೆಯ ಪದಾರ್ಥಗಳನ್ನು ಅಳೆದರೆ ಇವು ಬಿಡಿಸಿಕೊಳ್ಳುತ್ತವೆ. ಎರಡೂ ಇಲ್ಲದಿದ್ದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ. ಕೆಲಸಕ್ಕೆ ಬರುವ ಬಗೆ ಕಡಿಮೆಯಿದ್ದು ಕೆಲಸಕ್ಕೆ ಬಾರದ್ದು ವಿಪರೀತವಾಗಿದ್ದರೆ ದೇಹ ಅಡ್ಡದಾರಿ ಹಿಡಿದಿದೆ.

ಮಾತ್ರೆ ತಪ್ಪುವುದನ್ನು ನಾನು ಲಘುವಾಗಿ ಹೇಳುತ್ತಿಲ್ಲ. ಮುಚ್ಚಳ ತೆರೆದಾಗಲೆಲ್ಲ ದಾಖಲಿಸುವ ಎಲೆಕ್ಟ್ರಾನಿಕ್ ಡಬ್ಬಿಗಳನ್ನು ಮನೆಗೆ ಕಳಿಸಿ ಅಮೆರಿಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ನೂರಕ್ಕೆ 95ಕ್ಕಿಂತ ಕಡಿಮೆ ದಿನ ಮಾತ್ರೆ ನುಂಗಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಸ್ಪಷ್ಟವಾಗಿ ಹೆಚ್ಚಿತ್ತು. 95 ಎಂದರೆ ತಿಂಗಳಿಗೆ ಒಂದೂವರೆ ದಿನ ತಪ್ಪಿದರೆ ಮುಗಿಯಿತು. ನಮ್ಮಲ್ಲಿ 50 ಮಿಲಿಗ್ರಾಮಿನ ಮಾತ್ರೆಯನ್ನು ಚಾಕುವಿನಿಂದ ಅರ್ಧ ಮಾಡಿ, ಸೋಮವಾರದಿಂದ ಶುಕ್ರವಾರ ಒಂದು, ಶನಿವಾರ ಭಾನುವಾರ ಅರ್ಧ ಎಂಬಂಥ ಲೆಕ್ಕಗಳನ್ನು ಓದು ಬಾರದ ಅಜ್ಜಿಯರೂ ನಿಭಾಯಿಸುತ್ತಾರೆ. ಜಾತ್ರೆ, ಮದುವೆ, ಬಸ್ ಪ್ರಯಾಣಗಳ ನಡುವೆ ಒಂದು ರಾತ್ರಿ ತಪ್ಪಿತೆಂದು ಅವರ ಮೇಲೆ ರೇಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇದರ ಎದುರು ತುದಿಯೂ ನಮ್ಮ ಸೀಮೆಗೆ ಮುಖ್ಯವಾದದ್ದು. ಕೆಲವು ಮಕ್ಕಳಿಗೆ ಸಾಮಾನ್ಯ ಡೋಸಿನಲ್ಲೇ ಕೌಂಟ್ ಪಾತಾಳಕ್ಕಿಳಿದು, ಸೋಂಕು ತಗುಲಿ, ವಾರಗಟ್ಟಲೆ ಔಷಧ ನಿಲ್ಲಿಸಬೇಕಾಗುತ್ತದೆ. ಟಿಪಿಎಂಟಿ ಎಂಬ ಜೀನಿನ ವ್ಯತ್ಯಾಸ ಇದಕ್ಕೆ ಕಾರಣವೆಂದು ಯುರೋಪ್ ಮೂಲದವರಲ್ಲಿ ಬಹಳ ಹಿಂದೆಯೇ ತಿಳಿದಿತ್ತು. ಏಷ್ಯಾದ ಮಕ್ಕಳಲ್ಲಿ ಆ ಜೀನು ಸರಿಯಿದ್ದೂ ಹೀಗೇಕೆ ಎಂಬುದಕ್ಕೆ 2014-15ರಲ್ಲಿ ಎನ್‌ಯುಡಿಟಿ15 ಎಂಬ ಇನ್ನೊಂದು ಜೀನು ಉತ್ತರ ಕೊಟ್ಟಿತು. ನಮ್ಮ ಜನರಲ್ಲಿ ಇದರ ವ್ಯತ್ಯಾಸವೇ ಹೆಚ್ಚು. ತಂದೆ ತಾಯಿ ಇಬ್ಬರಿಂದಲೂ ಆ ವ್ಯತ್ಯಾಸ ಪಡೆದ ಮಗುವಿಗೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 75 ಮಿಲಿಗ್ರಾಂ ಬದಲು 10ರಿಂದ ಆರಂಭಿಸಬೇಕೆಂಬ ಮಾರ್ಗಸೂಚಿಯಿದೆ. ಬೇರೆಯವರ ಮಕ್ಕಳಿಗೆ ಹೊಲಿದ ಅಂಗಿಯನ್ನು ನಮ್ಮ ಮಕ್ಕಳಿಗೆ ತೊಡಿಸಿ ಅಳತೆ ಸರಿಯಿಲ್ಲವೆಂದು ಕೊರಗಿದ್ದೆವು.

ಎಲ್ಲ ಔಷಧಗಳೂ ಸೇರಿ ಕಾಯಿಲೆಯ ಮೇಲೆ ಏನು ಮಾಡಿದವು ಎಂಬುದನ್ನು, ಚಿಕಿತ್ಸೆಯ ನಂತರವೂ ಉಳಿದಿರುವ ಕೆಟ್ಟ ಕಣಗಳನ್ನು ಹುಡುಕುವ ಎಂಆರ್‌ಡಿ ಪರೀಕ್ಷೆ ಹೇಳುತ್ತದೆ. ಮೂಳೆಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೂರಕ್ಕೆ ಐದಕ್ಕಿಂತ ಕಡಿಮೆ ಕೆಟ್ಟ ಕಣಗಳಿದ್ದರೆ ರಿಮಿಷನ್, ಅಂದರೆ ಕಾಯಿಲೆ ಹಿಮ್ಮೆಟ್ಟಿದೆ, ಎಂದು ಹೇಳುವುದು ಹಳೆಯ ಪದ್ಧತಿ; ಆದರೆ ಆಗಲೂ ದೇಹದಲ್ಲಿ ಕೋಟ್ಯಂತರ ಕಣಗಳು ಅಡಗಿರಬಹುದು. ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ ಗುರುತಿಸುವ ಫ್ಲೋ ಸೈಟೋಮೆಟ್ರಿಯಿಂದ ಹತ್ತು ಸಾವಿರಕ್ಕೆ ಒಂದು ಕಣವನ್ನೂ ಹುಡುಕಬಹುದು. ಮುಂಬೈ, ದೆಹಲಿ, ಕೊಲ್ಕತ್ತಾ, ಚೆನ್ನೈ, ಚಂಡೀಗಢಗಳ ದೊಡ್ಡ ಕೇಂದ್ರಗಳು ಸೇರಿ ನಡೆಸಿದ ಐಸಿಕಲ್ ಎಂಬ ಅಧ್ಯಯನದಲ್ಲಿ ಮಕ್ಕಳ ಮುಂದಿನ ಚಿಕಿತ್ಸೆಯ ತೀವ್ರತೆಯನ್ನು ನಿರ್ಧರಿಸಲು ಇದನ್ನೂ ಆಧಾರವಾಗಿ ಹಿಡಿದಿದ್ದಾರೆ. ಆದರೂ ಎಂಆರ್‌ಡಿ ಸರಿಬಂದ ಮೇಲೆ ಔಷಧದ ಮಟ್ಟ ನೋಡುವುದೇಕೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಮ್ಮ ಹುಡುಗನ ಎಂಆರ್‌ಡಿ ಮೊದಲ ಹಂತದ ಕೊನೆಯಲ್ಲಿ ಚೆನ್ನಾಗಿಯೇ ಇತ್ತು, ಆಗ ಔಷಧವೂ ಇತ್ತು. ಆಮೇಲಿನ ಔಷಧವಿಲ್ಲದ ವಾರಗಳ ಬಗ್ಗೆ ಆ ಹಳೆಯ ಫಲಿತಾಂಶ ಏನು ಹೇಳೀತು?

ಒಂದು ಮಿತಿಯನ್ನೂ ಹೇಳಿಬಿಡಬೇಕು. ರಕ್ತದಲ್ಲಿ ಔಷಧ ಸಾಕಷ್ಟಿದ್ದೂ ಕ್ಯಾನ್ಸರ್ ಕಣವೇ ಅದನ್ನು ಸೋಲಿಸುವುದುಂಟು. ಮರುಕಳಿಸಿದ ಲ್ಯುಕೇಮಿಯಾದ ಕಣಗಳಲ್ಲಿ ಎನ್‌ಟಿ5ಸಿ2 ಎಂಬ ಜೀನಿನ ರೂಪಾಂತರಗಳನ್ನು 2013ರಲ್ಲಿ ಗುರುತಿಸಲಾಯಿತು; ಅವು ಮರ್ಕ್ಯಾಪ್ಟೋಪ್ಯೂರಿನ್‌ನ ಕೆಲಸಕ್ಕೆ ಬರುವ ರೂಪವನ್ನು ಕಣದೊಳಗೇ ಕೆಡಿಸಿ ಹೊರಗಟ್ಟುತ್ತವೆ. ಅದನ್ನು ನನ್ನ ಪ್ಲೇಟು ಕಾಣಲಾರದು.

ಎರ್ವೀನಿಯಾ ಶುರುವಾಗಿ ಎರಡು ದಿನಕ್ಕೆ ಹುಡುಗನ ಟ್ಯೂಬು ಬಂತು. ಈ ಸಲ ಫಾರಂನಲ್ಲಿ ಸಮಯ ನಿಮಿಷದ ಸಮೇತ ಬರೆದಿತ್ತು. ಗುರುವಾರಕ್ಕೆ ಕಾಯದೆ ಅವನೊಬ್ಬನಿಗಾಗಿ ಪ್ಲೇಟು ಹಾಕಿದೆ. ರಾಸಾಯನಿಕ ದಂಡವಾಯಿತೆಂದು ಮೇಲಿನವರು ಗೊಣಗಿದ್ದು ನಿಜ. ಗುಳಿಗಳು ಎಳೆಯ ಹಸಿರಿಗೆ ತಿರುಗಿದವು. ಯಂತ್ರ 140 ಎಂದಿತು. ಮೊದಲ ಹಂತದ 180ರ ಕೆಳಗೆ ರಿಜಿಸ್ಟರಿನಲ್ಲಿ ಎರಡು ಅಡ್ಡಗೆರೆಗಳಿದ್ದವು, ಅವುಗಳ ಕೆಳಗೆ ಅದನ್ನು ಬರೆದೆ.

ಈಗ ಅವನು ಮೇಂಟೆನೆನ್ಸ್‌ನಲ್ಲಿದ್ದಾನೆ. ಆಸ್ಪರಾಜಿನೇಸ್ ಮುಗಿದದ್ದರಿಂದ ಅವನ ಟ್ಯೂಬು ನನ್ನ ಮೇಜಿಗೆ ಬರುವುದಿಲ್ಲ, ಕೌಂಟಿಗಾಗಿ ಪಕ್ಕದ ವಿಭಾಗಕ್ಕೆ ಹೋಗುತ್ತದೆ. ಕಳೆದ ತಿಂಗಳು ಅವನ ತಾಯಿ ಕಾರಿಡಾರಿನಲ್ಲಿ ಸಿಕ್ಕರು. ಕೈಚೀಲದಿಂದ ಮಡಚಿದ ಒಂದು ಗೋಡೆ ಕ್ಯಾಲೆಂಡರ್ ತೆಗೆದು ತೋರಿಸಿದರು. ನುಂಗಿದ ಪ್ರತಿ ರಾತ್ರಿಗೆ ಒಂದು ಗೆರೆ, ಅರ್ಧ ಮಾತ್ರೆಯ ದಿನಕ್ಕೆ ಗಿಡ್ಡ ಗೆರೆ. "ಈ ಸಲ ಕೌಂಟ್ ಇಳದೈತ್ರೀ ಮೇಡಂ" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಡಾಕ್ಟ್ರು ಬರೋಬ್ಬರಿ ಅದ ಅಂದ್ರು. ಅಂಜಿಲ್ಲ ನಾ" ಎಂದು ಕ್ಯಾಲೆಂಡರನ್ನು ಮತ್ತೆ ಮಡಚಿ ಒಳಗಿಟ್ಟುಕೊಂಡರು.